ಡಾಕ್ಟರ್ ಬರೆದ ಮೇಲೂ ಉಳಿಯುವ ಕೆಲಸ: ಆಸ್ಪತ್ರೆಯ ಸಮಾಜ ಕಾರ್ಯಕರ್ತರು ಮಾಡುವುದೇನು?

ರೋಗಿಯನ್ನು ಮನೆಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಬೆಳಗಿನ ರೌಂಡ್ಸಿನಲ್ಲಿ ಬರೆಯುತ್ತಾರೆ. ಸಂಜೆಯಾದರೂ, ಮರುದಿನವಾದರೂ ರೋಗಿ ಅದೇ ಬೆಡ್ಡಿನಲ್ಲಿ ಇರುತ್ತಾರೆ. ಕಾರಣ ಕೇಸ್ ಶೀಟಿನಲ್ಲಿ ಸಿಗುವುದಿಲ್ಲ. ದುಡ್ಡು ಹೊಂದಿಸಲು ಊರಿಗೆ ಹೋದ ತಮ್ಮ ಇನ್ನೂ ಬಂದಿಲ್ಲ. ಮೂಗಿನ ಟ್ಯೂಬಿನಲ್ಲಿ ಗಂಜಿ ಹಾಕಲು ಹೆಂಡತಿಗೆ ಧೈರ್ಯವಿಲ್ಲ. ಬಾಡಿಗೆ ಮನೆ ಎರಡನೇ ಮಹಡಿಯಲ್ಲಿದೆ, ಕಕ್ಕಸು ಕೆಳಗಿದೆ. ಯಾವ ಸ್ಕ್ಯಾನಿನಲ್ಲೂ ಕಾಣದ ಈ ಸಂಗತಿಗಳು ಚಿಕಿತ್ಸೆಯ ಫಲವನ್ನು ಸ್ಕ್ಯಾನಿನಷ್ಟೇ ನಿರ್ಧರಿಸುತ್ತವೆ. ಇವುಗಳನ್ನು ಹುಡುಕಿ, ಒಂದೊಂದಾಗಿ ಬಿಡಿಸುವುದು ವೈದ್ಯಕೀಯ ಸಮಾಜ ಕಾರ್ಯಕರ್ತರ ಕೆಲಸ. ವಾರ್ಡಿನ ಮಾತಿನಲ್ಲಿ ಇವರು 'ಸೋಷಿಯಲ್ ವರ್ಕರ್ ಮೇಡಂ' ಅಥವಾ 'ಎಂಎಸ್‌ಡಬ್ಲ್ಯೂ ಸರ್'.

ಇವರ ಕೆಲಸ ಚೆನ್ನಾಗಿ ನಡೆದಾಗ ಯಾರ ಗಮನಕ್ಕೂ ಬರುವುದಿಲ್ಲ. ರೋಗಿ ಮಾತ್ರೆ ಬಿಡಲಿಲ್ಲ, ಮತ್ತೆ ಅಡ್ಮಿಟ್ ಆಗಲಿಲ್ಲ, ಮನೆಯವರು ಬಡ್ಡಿ ಸಾಲಕ್ಕೆ ಬೀಳಲಿಲ್ಲ ಎಂಬುದು ಯಾವ ರಿಜಿಸ್ಟರಿನಲ್ಲೂ ದಾಖಲಾಗುವುದಿಲ್ಲ. ಆದ್ದರಿಂದ ಇವರನ್ನು ಮೆಚ್ಚಬೇಕಾದರೆ ಮೊದಲು ಇವರ ಕೆಲಸದ ಒಳಗುಟ್ಟು ತಿಳಿಯಬೇಕು.

ಯಾರು ಇವರು, ಯಾರು ಅಲ್ಲ

ಸಮಾಜ ಕಾರ್ಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ, ಅಂದರೆ ಎಂಎಸ್‌ಡಬ್ಲ್ಯೂ, ಇವರ ಮೂಲ ಓದು. ಮನೋರೋಗ ವಿಭಾಗಕ್ಕೆ ಇಷ್ಟು ಸಾಲದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಎನಿಸಿಕೊಳ್ಳಲು ಇದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. 2021ರ ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಇವರನ್ನು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿತು.

ಆಸ್ಪತ್ರೆಯಲ್ಲಿ ಇವರಂತೆಯೇ ಕಾಣುವ ಇನ್ನೂ ಕೆಲವರಿರುತ್ತಾರೆ. ಆರೋಗ್ಯಮಿತ್ರರು ಸರ್ಕಾರಿ ಯೋಜನೆಯ ಕಾಗದಪತ್ರ ನೋಡಿಕೊಳ್ಳುತ್ತಾರೆ. ಪಿಆರ್‌ಒ ಆಸ್ಪತ್ರೆಯ ಪರವಾಗಿ ಮಾತಾಡುತ್ತಾರೆ. ಕೌನ್ಸೆಲರ್ ಸಾಮಾನ್ಯವಾಗಿ ಒಂದು ವಿಷಯಕ್ಕೆ, ಎಚ್‌ಐವಿ ಪರೀಕ್ಷೆಗೋ ಮದ್ಯವ್ಯಸನಕ್ಕೋ, ಮೀಸಲಾಗಿರುತ್ತಾರೆ. ಸಮಾಜ ಕಾರ್ಯಕರ್ತರ ನೋಟಕ್ಕೆ ರೋಗಿಯ ಇಡೀ ಬದುಕು ಬೀಳುತ್ತದೆ: ಮನೆ, ದುಡಿಮೆ, ಸಾಲ, ಸಂಬಂಧ, ಕಾನೂನು, ಊರು.

ಈ ವೃತ್ತಿ ಹುಟ್ಟಿದ ಬಗೆ ತಿಳಿದರೆ ಇಂದಿನ ಒಂದು ಇಕ್ಕಟ್ಟೂ ಅರ್ಥವಾಗುತ್ತದೆ. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟೀವರ್ಟ್ ಎಂಬುವರನ್ನು ನೇಮಿಸಿಕೊಂಡಿದ್ದರ ಒಂದು ಉದ್ದೇಶ, ಉಚಿತ ಚಿಕಿತ್ಸೆಗೆ ಯಾರು ಅರ್ಹರು ಎಂದು ವಿಚಾರಿಸುವುದು. 1905ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯ ರಿಚರ್ಡ್ ಕ್ಯಾಬಟ್ ಇಂಥವರನ್ನು ನೇಮಿಸುವಾಗ ಬೇರೆ ದಾರಿ ಹಿಡಿದರು. ಮನೆಯ ಪರಿಸ್ಥಿತಿ ತಿಳಿಯದೆ ಬರೆದ ಔಷಧಿ ಅರ್ಧ ವ್ಯರ್ಥ ಎಂಬುದು ಅವರ ಅನುಭವವಾಗಿತ್ತು. ಭಾರತದಲ್ಲಿ ಮೊದಲ ನೇಮಕ ಆದದ್ದು 1946ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ. ಅರ್ಹತೆ ಅಳೆಯುವ ಗುಮಾಸ್ತಿಕೆ ಮತ್ತು ಮನೆಯವರೆಗೂ ಹೋಗುವ ಆರೈಕೆ, ಈ ಎರಡರ ನಡುವಿನ ಜಗ್ಗಾಟ ಇಂದಿಗೂ ಮುಗಿದಿಲ್ಲ. ಎಷ್ಟೋ ಆಸ್ಪತ್ರೆಗಳು ಇವರನ್ನು ಬರೀ ರಿಯಾಯಿತಿ ಫಾರಂ ತುಂಬುವವರನ್ನಾಗಿ ಮಾಡಿಬಿಟ್ಟಿವೆ. ಇದು ದೊಡ್ಡ ನಷ್ಟ.

ಮೊದಲ ಮಾತುಕತೆ: ಪ್ರಶ್ನೆ ಕೇಳುವುದೇ ಕುಶಲತೆ

ಹೊರಗಿನಿಂದ ನೋಡಿದರೆ ಇದು ಬೆಡ್ಡಿನ ಪಕ್ಕ ಕುಳಿತು ಹರಟೆ ಹೊಡೆದಂತೆ ಕಾಣುತ್ತದೆ. ಒಳ್ಳೆಯ ಮೊದಲ ಸಂದರ್ಶನಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಅದರಲ್ಲಿ ಸ್ವಲ್ಪ ಹೊತ್ತಾದರೂ ರೋಗಿಯೊಂದಿಗೆ ಒಬ್ಬರೇ ಮಾತಾಡಬೇಕು, ಸ್ವಲ್ಪ ಹೊತ್ತು ಆರೈಕೆ ಮಾಡುವವರೊಂದಿಗೆ ಬೇರೆಯಾಗಿ.

ನೇರವಾಗಿ ಕೇಳಿದರೆ ಜನ ಮರ್ಯಾದೆಯ ಉತ್ತರ ಕೊಡುತ್ತಾರೆ. "ಮಾತ್ರೆ ಸರಿಯಾಗಿ ತಗೊಳ್ತೀರಾ?" ಎಂದರೆ "ಹೌದು" ಎಂದೇ ಬರುತ್ತದೆ. "ಹೋದ ವಾರ ಎಷ್ಟು ದಿನ ಮಾತ್ರೆ ತಪ್ಪಿತು?" ಎಂದು ಕೇಳಿದರೆ ತಪ್ಪುವುದು ಸಹಜ ಎಂಬ ಸೂಚನೆ ಪ್ರಶ್ನೆಯಲ್ಲೇ ಇರುವುದರಿಂದ ನಿಜ ಹೊರಗೆ ಬರುತ್ತದೆ. "ತಿಂಗಳಿಗೆ ಎಷ್ಟು ಸಂಪಾದನೆ?" ಎಂಬುದಕ್ಕೆ ಕೂಲಿಯವರ ಬಳಿ ಉತ್ತರವೇ ಇರುವುದಿಲ್ಲ. "ಕಳೆದ ಹದಿನೈದು ದಿನದಲ್ಲಿ ಎಷ್ಟು ದಿನ ಕೆಲಸ ಸಿಕ್ಕಿತು, ದಿನಕ್ಕೆ ಎಷ್ಟು ಕೊಟ್ಟರು?" ಎಂದರೆ ಲೆಕ್ಕ ಸಿಗುತ್ತದೆ. "ಮನೆಯಲ್ಲಿ ಯಾರು ನೋಡ್ಕೊಳ್ತಾರೆ?" ಎಂದು ಕೇಳಿದರೆ "ಎಲ್ಲಾರೂ ಅದೀವ್ರೀ" ಎಂಬ ಉತ್ತರ. ಎಲ್ಲರೂ ಇದ್ದೇವೆ ಎಂದರೆ ಬಹಳ ಸಲ ಯಾರೂ ಇಲ್ಲ ಎಂದೇ ಅರ್ಥ. ಅದಕ್ಕೆ ಅನುಭವಸ್ಥರು ಹೀಗೆ ಕೇಳುತ್ತಾರೆ: "ಅಮ್ಮಾ, ರಾತ್ರಿ ಎರಡು ಗಂಟೆಗೆ ಮೂತ್ರದ ಬ್ಯಾಗ್ ತುಂಬಿತು ಅನ್ನಿ. ಯಾರು ಎದ್ದು ಖಾಲಿ ಮಾಡ್ತಾರೆ?" ಆಗ ಒಬ್ಬರ ಹೆಸರು ಬರುತ್ತದೆ. ಮುಂದಿನ ಯೋಜನೆಯೆಲ್ಲ ಆ ಹೆಸರಿನ ಮೇಲೆಯೇ ನಡೆಯಬೇಕು.

ಕುಟುಂಬದ ನಕ್ಷೆಯನ್ನೂ ಇದೇ ಹೊತ್ತಿನಲ್ಲಿ ಬರೆದುಕೊಳ್ಳುತ್ತಾರೆ. ಯಾರು ದುಡಿಯುತ್ತಾರೆ, ಯಾರ ಮಾತು ನಡೆಯುತ್ತದೆ, ಯಾರು ಮಾತು ಬಿಟ್ಟಿದ್ದಾರೆ, ಶಾಲೆಗೆ ಹೋಗುವ ಮಕ್ಕಳು ಈಗ ಯಾರ ಮನೆಯಲ್ಲಿದ್ದಾರೆ. ದುಡಿಯುವವರೂ ತೀರ್ಮಾನ ತೆಗೆದುಕೊಳ್ಳುವವರೂ ಒಬ್ಬರೇ ಆಗಿರಬೇಕೆಂದಿಲ್ಲ. ಆಪರೇಷನ್ನಿಗೆ ಹೆಂಡತಿ ಒಪ್ಪಿ ಸಹಿ ಹಾಕಿದ ಮೇಲೂ ಊರಿನಿಂದ ಬರಬೇಕಾದ ದೊಡ್ಡಪ್ಪನಿಗಾಗಿ ಎರಡು ದಿನ ಕಾದ ಉದಾಹರಣೆಗಳು ಪ್ರತಿ ಸರ್ಜರಿ ವಾರ್ಡಿನಲ್ಲೂ ಇವೆ. ಆ ದೊಡ್ಡಪ್ಪನಿಗೆ ಮೊದಲ ದಿನವೇ ಫೋನ್ ಹಚ್ಚಿ ಡಾಕ್ಟರರ ಜೊತೆ ಮಾತಾಡಿಸಿದ್ದರೆ ಆ ಎರಡು ದಿನ ಉಳಿಯುತ್ತಿದ್ದವು.

ಒಂದು ಪಾರ್ಶ್ವವಾಯು ಕೇಸು, ಹತ್ತಿರದಿಂದ

ಇಂಥ ಅನೇಕ ಕೇಸುಗಳಲ್ಲಿ ಕಾಣುವುದನ್ನು ಇಲ್ಲಿ ಒಂದಾಗಿ ಹೆಣೆದಿದ್ದೇವೆ. ಲಿಂಗಸುಗೂರು ತಾಲೂಕಿನಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದ ನಲವತ್ತೆಂಟು ವರ್ಷದವರು. ಬಲಗೈ ಬಲಗಾಲು ಬಿದ್ದಿವೆ, ಮಾತಿಲ್ಲ, ನುಂಗಲು ಆಗುವುದಿಲ್ಲ. ಬಿಪಿ ಇತ್ತು, ಮಾತ್ರೆ ಬಿಟ್ಟಿದ್ದರು.

ಮೊದಲ ಎರಡು ದಿನದ ಕೆಲಸ ಕಾಗದದ್ದು. ರೇಷನ್ ಕಾರ್ಡ್ ಊರಲ್ಲಿದೆ, ಆಧಾರ್ ಗುತ್ತಿಗೆದಾರನ ಬಳಿ ಇದೆ. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು ಸೇರಿದ ಇನ್ನೊಂದು. ಊರಿನಿಂದ ಕಾರ್ಡಿನ ಫೋಟೊ ವಾಟ್ಸಾಪಿನಲ್ಲಿ ತರಿಸಿ, ವ್ಯತ್ಯಾಸ ಎಲ್ಲಿದೆ ಎಂದು ಆರೋಗ್ಯಮಿತ್ರರ ಜೊತೆ ಕುಳಿತು ನೋಡಿ, ಸರಿಪಡಿಸುವುದು ಯಾವ ಕಚೇರಿಯಲ್ಲಿ ಎಂದು ಮನೆಯವರಿಗೆ ಹೆಸರು ಹಿಡಿದು ಹೇಳಬೇಕು. "ಸರಿಮಾಡಿಸ್ಕೊಂಡು ಬನ್ನಿ" ಎಂದಷ್ಟೇ ಹೇಳಿ ಕಳಿಸಿದರೆ ಅವರು ಮೂರು ಕಚೇರಿ ಸುತ್ತಿ ಬರಿಗೈಯಲ್ಲಿ ಬರುತ್ತಾರೆ. ಇನ್ನೊಂದು ಪ್ರಶ್ನೆ ಹಲವರಿಗೆ ಹೊಳೆಯುವುದೇ ಇಲ್ಲ: ಲೇಬರ್ ಕಾರ್ಡ್ ಇದೆಯೇ? ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ನೋಂದಣಿ ಇದ್ದರೆ ವೈದ್ಯಕೀಯ ನೆರವಿಗೆ ಅದು ಬೇರೆಯದೇ ದಾರಿ.

ಮೂರನೇ ದಿನದ ಹೊತ್ತಿಗೆ ಮನೆಯ ಪ್ರಶ್ನೆ. ಬೆಂಗಳೂರಿನ ತಗಡಿನ ಶೆಡ್ಡಿಗೆ ಮರಳುವುದೋ ಊರಿಗೋ? ಊರಿಗೆ ಎಂದರೆ ಸುಮಾರು 400 ಕಿಲೋಮೀಟರ್ ಪ್ರಯಾಣ, ಮಲಗಿಸಿಕೊಂಡು. ಬೆಂಗಳೂರು ಎಂದರೆ ಹೆಂಡತಿ ಕೆಲಸಕ್ಕೆ ಹೋದಾಗ ರೋಗಿ ಒಬ್ಬರೇ. ಇದರಲ್ಲಿ ಸಮಾಜ ಕಾರ್ಯಕರ್ತರು ತೀರ್ಮಾನ ಹೇಳುವುದಿಲ್ಲ. ಎರಡರ ಖರ್ಚು, ಕಷ್ಟ, ಅನುಕೂಲ ಬಿಡಿಸಿಟ್ಟು ಮನೆಯವರೇ ಆರಿಸಿಕೊಳ್ಳುವಂತೆ ಮಾಡುತ್ತಾರೆ. ತಾವೇ ಆರಿಸಿದ ದಾರಿಯಲ್ಲಿ ಮನೆಯವರು ಗಟ್ಟಿಯಾಗಿ ನಿಲ್ಲುತ್ತಾರೆ, ಹೇರಿದ ದಾರಿ ಹದಿನೈದು ದಿನಕ್ಕೆ ಕುಸಿಯುತ್ತದೆ.

ಆರೈಕೆ ಕಲಿಸುವುದು ನರ್ಸ್ ಕೆಲಸ. ಸರಿಯಾದ ವ್ಯಕ್ತಿಗೆ ಕಲಿಸಿದರೇ, ಅವರಿಗೆ ಬಂತೇ ಎಂದು ನೋಡುವುದು ಸಮಾಜ ಕಾರ್ಯಕರ್ತರ ಕೆಲಸ. ಮೇಲಿಂದ ಮೇಲೆ ಆಗುವ ತಪ್ಪು ಹೀಗಿದೆ: ಓದಿದ ಭಾವಮೈದುನನಿಗೆ ಎಲ್ಲ ತೋರಿಸಿಕೊಡುತ್ತಾರೆ, ಆತ ತಲೆಯಾಡಿಸಿ ಊರಿಗೆ ಹೋಗುತ್ತಾನೆ, ಮನೆಯಲ್ಲಿ ಗಂಜಿ ಹಾಕುವವರು ಎಂದೂ ಟ್ಯೂಬ್ ಮುಟ್ಟದ ಹೆಂಡತಿ. ಕಲಿಸಬೇಕಾದದ್ದು ಇಷ್ಟು. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸದೆ ಟ್ಯೂಬಿನಲ್ಲಿ ಏನೂ ಹಾಕಬಾರದು. ಹಾಕುವ ಮೊದಲು ಟ್ಯೂಬಿನ ಮೇಲಿನ ಗುರುತು ಮೂಗಿನ ಹೊಳ್ಳೆಯ ಹತ್ತಿರವೇ ಇದೆಯೇ ನೋಡಬೇಕು, ಜಾರಿದ್ದರೆ ಹಾಕಲೇಬಾರದು. ಒಂದು ಸಲಕ್ಕೆ ಸುಮಾರು 200 ಮಿ.ಲೀ., ನಿಧಾನವಾಗಿ. ಆಮೇಲೆ ಕುದಿಸಿ ಆರಿಸಿದ ನೀರನ್ನು ಸ್ವಲ್ಪ ಹಾಕಿ ಟ್ಯೂಬ್ ತೊಳೆಯಬೇಕು. ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಮಲಗಿಸಬಾರದು. ಇದನ್ನು ಮೀರಿದರೆ ಗಂಜಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಪಾರ್ಶ್ವವಾಯು ರೋಗಿಗಳು ವಾಪಸ್ ಅಡ್ಮಿಟ್ ಆಗಲು ಇದೊಂದು ದೊಡ್ಡ ಕಾರಣ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೂತ್ರದ ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗೆ ಇರಬೇಕು.

ಕಾಗದದ ಮೇಲೆ ಇದೆಲ್ಲ ಸುಲಭ. ಮನೆಯಲ್ಲಿ ಮಿಕ್ಸಿ ಇದೆಯೇ ಎಂದು ಯಾರೂ ಕೇಳಿರುವುದಿಲ್ಲ. ಡಯೆಟ್ ಚೀಟಿಯಲ್ಲಿ ತರಕಾರಿ ಸೂಪು, ಹಣ್ಣಿನ ರಸ ಬರೆದಿರುತ್ತದೆ. ಮಿಕ್ಸಿ ಇಲ್ಲದ ಮನೆಯಲ್ಲಿ ಅದು ಗಂಟು ಗಂಟಾಗಿ ಟ್ಯೂಬ್ ಕಟ್ಟಿಕೊಳ್ಳುತ್ತದೆ, ಟ್ಯೂಬ್ ಬದಲಿಸಲು ಮತ್ತೆ ತಾಲೂಕಿಗೆ ಓಡಬೇಕು. ಡಯೆಟೀಷಿಯನ್ ಜೊತೆ ಮಾತಾಡಿ, ನುಣ್ಣಗಿನ ರಾಗಿ ಹಿಟ್ಟಿನ ತೆಳು ಅಂಬಲಿ, ಬೇಳೆಯ ಕಟ್ಟು, ಹಾಲು ಎಂದು ಆ ಮನೆಯಲ್ಲಿ ಆಗುವಂಥದ್ದನ್ನು ಬರೆಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಲು ಹೇಳುವುದರಲ್ಲಿ ಇವರ ಕೆಲಸದ ಬೆಲೆ ಇದೆ. ಹೆಂಡತಿ ವಾರ್ಡಿನಲ್ಲೇ, ನರ್ಸ್ ಮುಂದೆ, ತಮ್ಮ ಕೈಯಿಂದ ಎರಡು ಮೂರು ಸಲ ಹಾಕಿ ತೋರಿಸಿದ ಮೇಲೆಯೇ ಡಿಸ್ಚಾರ್ಜ್. ಓದಲು ಬಾರದವರಾದರೆ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಎಂದು ಕವರಿನ ಮೇಲೆ ಚಿತ್ರ ಬರೆದುಕೊಡಬೇಕು.

ಡಿಸ್ಚಾರ್ಜಿಗೆ ಮೊದಲು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದೇ ಬಿಪಿ ಮಾತ್ರೆ ಸಿಗುತ್ತದೆಯೇ ಎಂದು ಫೋನಿನಲ್ಲಿ ಕೇಳಬೇಕು. ಸಿಗದಿದ್ದರೆ ಸಿಗುವ ಬದಲಿ ಮಾತ್ರೆಯನ್ನು ಡಾಕ್ಟರರಿಂದ ಮೊದಲೇ ಬರೆಸಬೇಕು. ಆಶಾ ಕಾರ್ಯಕರ್ತೆಯ ನಂಬರ್ ತೆಗೆದುಕೊಂಡು ವಿಷಯ ತಿಳಿಸಬೇಕು. ಅಂಗವಿಕಲರ ಪ್ರಮಾಣಪತ್ರ ತಕ್ಷಣ ಸಿಗುವುದಿಲ್ಲ, ಚೇತರಿಕೆ ಒಂದು ಹಂತಕ್ಕೆ ನಿಂತ ಮೇಲೆ ಯುಡಿಐಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಬೇಕು ಎಂಬುದನ್ನೂ ಹೇಳಿ ಕಳಿಸಬೇಕು. ಇಲ್ಲವಾದರೆ ಮಧ್ಯವರ್ತಿಗಳು ನಡುವೆ ಬಂದು ದುಡ್ಡು ಕೀಳುತ್ತಾರೆ. ಮನೆ ಸೇರಿದ ಮೂರನೇ ದಿನ ಒಂದು ಫೋನ್, ಎರಡು ವಾರಕ್ಕೆ ಇನ್ನೊಂದು. ಗಂಜಿ ಹಾಕುವಾಗ ಕೆಮ್ಮು ಬರುತ್ತಿದೆ, ಬೆನ್ನು ಕೆಂಪಾಗಿದೆ ಎಂಬ ಸುದ್ದಿ ಆ ಫೋನಿನಲ್ಲೇ ಸಿಗುತ್ತದೆ.

ದುಡ್ಡಿನ ವಿಷಯ

ಕರ್ನಾಟಕದಲ್ಲಿ 2018ರಿಂದ ಇರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, ಶೇ. 30ರಷ್ಟು ನೆರವು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಎಡವುವುದು ಈ ಅಂಕಿಗಳಲ್ಲಲ್ಲ, ನಡೆಯುವ ಕ್ರಮದಲ್ಲಿ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಪಟ್ಟಿಯಲ್ಲಿರುವುದಕ್ಕೆ ರೆಫರಲ್ ಬೇಡ. ಒಂದು ಆಸ್ಪತ್ರೆ ಹೃದಯಕ್ಕೆ ನೋಂದಾಯಿಸಿಕೊಂಡಿದ್ದು ಮೂಳೆಗೆ ನೋಂದಾಯಿಸಿಕೊಂಡಿಲ್ಲದೆ ಇರಬಹುದು, ಬೋರ್ಡ್ ನೋಡಿ ನಂಬಿದವರು ಮೋಸ ಹೋಗುತ್ತಾರೆ. ಎಲ್ಲಕ್ಕಿಂತ ದೊಡ್ಡ ತಪ್ಪು, ಗಾಬರಿಯಲ್ಲಿ ಅಡ್ವಾನ್ಸ್ ಕಟ್ಟಿ, ನಾಲ್ಕು ದಿನದ ಮೇಲೆ ಕಾರ್ಡ್ ತೆಗೆದು ತೋರಿಸುವುದು. ಯೋಜನೆಗೆ ಮುಂಚಿತ ಅನುಮತಿ ಬೇಕು, ಕಟ್ಟಿಬಿಟ್ಟ ಹಣ ವಾಪಸ್ ಬರುವುದು ಕಷ್ಟ. ಕಾರ್ಡ್ ಇದ್ದರೆ ಅಡ್ಮಿಷನ್ ಕೌಂಟರಿನಲ್ಲೇ ಬಾಯಿಬಿಟ್ಟು ಹೇಳಿ.

ಯೋಜನೆಯಲ್ಲಿ ಬಾರದ ಖರ್ಚಿಗೆ ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ದೊಡ್ಡ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಆರೋಗ್ಯ ನಿಧಿ, ಜೊತೆಗೆ ಖಾಸಗಿ ಟ್ರಸ್ಟುಗಳು ಇವೆ. ಟ್ರಸ್ಟುಗಳು ಹೆಚ್ಚಾಗಿ ಕೇಳುವುದು ಸಮಾಜ ಕಾರ್ಯಕರ್ತರ ವರದಿ. "ಕಡುಬಡವರು, ದಯವಿಟ್ಟು ಸಹಾಯ ಮಾಡಿ" ಎಂಬ ವರದಿಯಿಂದ ಪ್ರಯೋಜನವಿಲ್ಲ. ಮನೆಯಲ್ಲಿ ಎಷ್ಟು ಜನ, ದುಡಿಯುವವರು ಎಷ್ಟು, ಕಾಯಿಲೆಗಾಗಿ ಈವರೆಗೆ ಏನು ಮಾರಿದರು, ಯಾರ ಬಳಿ ಎಷ್ಟು ಬಡ್ಡಿಗೆ ತಂದರು, ಒಟ್ಟು ಎಸ್ಟಿಮೇಟಿನಲ್ಲಿ ಯೋಜನೆ ಎಷ್ಟು ಕೊಡುತ್ತದೆ, ಕೊರತೆ ಎಷ್ಟು, ಚಿಕಿತ್ಸೆ ಆದರೆ ಗುಣವಾಗುವ ಸಾಧ್ಯತೆ ಏನು ಎಂದು ಒಂದೇ ಪುಟದಲ್ಲಿ ಬರೆದ ವರದಿ ಹಣ ತರುತ್ತದೆ. ರೋಗಿಯ ಮಾನ ಕಳೆಯದೆ ಅವರ ಬಡತನವನ್ನು ದಾಖಲಿಸುವುದು ಕಲಿತು ಬರಬೇಕಾದ ವಿದ್ಯೆ.

ಇನ್ನೊಂದು ವಿಷಯ ಎಲ್ಲರಿಗೂ ತಿಳಿದಿರಲಿ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ ಬಿಲ್ ಬಾಕಿ ಇದೆ ಎಂದು ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಸಾವಿನ ಮನೆಯವರ ಪರವಾಗಿ ಆಡಳಿತ ಕಚೇರಿಗೆ ಹೋಗಿ ಇದನ್ನು ನೆನಪಿಸುವವರು ಬಹಳ ಸಲ ಅದೇ ಆಸ್ಪತ್ರೆಯ ಸಂಬಳ ಪಡೆಯುವ ಸಮಾಜ ಕಾರ್ಯಕರ್ತರು. ಅದಕ್ಕೆ ಎಷ್ಟು ಧೈರ್ಯ ಬೇಕು ಎಂದು ಯೋಚಿಸಿ ನೋಡಿ.

ಮುಚ್ಚಿದ ಬಾಗಿಲಿನ ಹಿಂದಿನ ಕೇಸುಗಳು

ಸುಟ್ಟಗಾಯದ ವಾರ್ಡಿಗೆ ಬರುವ ಹೆಣ್ಣುಮಕ್ಕಳಲ್ಲಿ ಹಲವರು ಹೇಳುವ ಮೊದಲ ಮಾತು "ಸ್ಟೌ ಸಿಡಿತು". ಅದು ನಿಜವೂ ಇರಬಹುದು. ಅತ್ತೆ, ಗಂಡ ಪಕ್ಕದಲ್ಲೇ ನಿಂತಿರುವಾಗ ಬೇರೆ ಮಾತು ಬರಲು ಸಾಧ್ಯವೂ ಇಲ್ಲ. ಡ್ರೆಸಿಂಗ್ ನೆಪದಲ್ಲಿ ಎಲ್ಲರನ್ನೂ ಹೊರಗೆ ಕಳಿಸಿ, ಒಂದೇ ದಿನಕ್ಕೆ ಒತ್ತಾಯಿಸದೆ, ಮತ್ತೆ ಮತ್ತೆ ಹೋಗಿ ಕುಳಿತರೆ ಮಾತು ಹೊರಡುತ್ತದೆ. ಮಹಿಳಾ ಸಹಾಯವಾಣಿ 181, ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಒನ್ ಸ್ಟಾಪ್ ಸೆಂಟರ್, ತವರಿನ ನಂಬಿಕಸ್ಥರು, ಈ ಮೂರನ್ನೂ ಆಕೆಯ ಒಪ್ಪಿಗೆಯಿಂದ ಜೋಡಿಸಬೇಕು. ಲೈಂಗಿಕ ದೌರ್ಜನ್ಯ ಮತ್ತು ಆ್ಯಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಹೇಳುತ್ತದೆ. ರೋಗಿ ಹದಿನೆಂಟು ತುಂಬದ ಮಗುವಾದರೆ ಗುಟ್ಟು ಕಾಯುವ ಮಾತು ಕೊಡಲಾಗದು, ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಮಿತಿಯನ್ನು ಮಗು ಮಾತು ಶುರುಮಾಡುವ ಮೊದಲೇ ಮಗುವಿಗೆ ಅರ್ಥವಾಗುವ ಹಾಗೆ ಹೇಳಬೇಕು. ಎಲ್ಲ ಕೇಳಿಸಿಕೊಂಡ ಮೇಲೆ ಹೇಳಿದರೆ ಅದು ಇನ್ನೊಂದು ದ್ರೋಹವಾಗುತ್ತದೆ.

ವಿಷ ಸೇವಿಸಿ ಬಂದವರ ಕೇಸಿನಲ್ಲಿ ಮನೆಯವರಿಗೆ ಪೊಲೀಸ್ ಭಯವೇ ಹೆಚ್ಚು. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ದಾಖಲೆ, ಆಗುತ್ತದೆ, ಆದರೆ ಭಯದಿಂದ ರೋಗಿಯನ್ನು ಎಬ್ಬಿಸಿಕೊಂಡು ಹೋಗಬೇಕಾಗಿಲ್ಲ. ಡಿಸ್ಚಾರ್ಜ್ ಆದ ಮೊದಲ ವಾರಗಳು ಅಪಾಯದವು. ಮನೆಯಲ್ಲಿರುವ ಕ್ರಿಮಿನಾಶಕವನ್ನು ರೋಗಿ ಮನೆ ಸೇರುವ ಮೊದಲೇ ಬೇರೆಡೆ ಸಾಗಿಸುವುದು, ಸಂಕಟ ಉಕ್ಕಿದಾಗ ಯಾರಿಗೆ ಫೋನ್ ಮಾಡಬೇಕು ಎಂದು ಮೂರು ಹೆಸರು ಬರೆಸುವುದು, ಹಗಲಿರುಳೂ ಕನ್ನಡದಲ್ಲಿ ಮಾತಾಡುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ರೋಗಿಯ ಫೋನಿನಲ್ಲೇ ಸೇವ್ ಮಾಡಿಸುವುದು, ಇವು ಮೂರೂ ಆಗದೆ ಕಳಿಸಬಾರದು.

ರೋಗಿಯ ಮಿದುಳು ನಿಷ್ಕ್ರಿಯ ಎಂದು ಘೋಷಿಸಿದ ಮೇಲೆ ಐಸಿಯು ಹೊರಗೆ ಅಂಗಾಂಗ ದಾನದ ಬಗ್ಗೆ ನಡೆಯುವ ಮಾತುಕತೆಯಷ್ಟು ಕಷ್ಟದ್ದು ಈ ವೃತ್ತಿಯಲ್ಲಿ ಇನ್ನೊಂದಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯಂತೆ ನಾಲ್ವರು ವೈದ್ಯರ ತಂಡ, ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ಕಸಿ ಆಸ್ಪತ್ರೆಗಳಲ್ಲಿ ಕಡ್ಡಾಯವಾಗಿ ಇರಬೇಕಾದ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಹುದ್ದೆಯಲ್ಲಿ ಸಮಾಜ ಕಾರ್ಯ ಓದಿದವರು ಹಲವರಿದ್ದಾರೆ. ನಿಯಮ ಒಂದೇ: ಸಾವಿನ ಮಾತು ಮತ್ತು ದಾನದ ಮಾತು ಒಟ್ಟಿಗೆ ಬರಬಾರದು. ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, "ನಮ್ಮ ಹುಡುಗ ಉಸಿರಾಡ್ತಿದಾನಲ್ಲಾ" ಎಂದು ತಾಯಿ ಕೇಳುತ್ತಾರೆ. ಉಸಿರು ಯಂತ್ರದ್ದು ಎಂದು ಡಾಕ್ಟರು ಹೇಳಿ, ಅದು ಒಳಗಿಳಿಯಲು ಸಮಯ ಕೊಟ್ಟ ಮೇಲೆಯೇ ಮುಂದಿನ ಮಾತು. ಕರ್ನಾಟಕದಲ್ಲಿ ಅಂಗಗಳ ಹಂಚಿಕೆ ಜೀವಸಾರ್ಥಕತೆ ಸಂಸ್ಥೆಯ ಮೂಲಕ ನಡೆಯುತ್ತದೆ, ದಾನಿಯ ಮನೆಯವರು ಅದಕ್ಕೆ ಹಣ ಕಟ್ಟಬೇಕಾಗಿಲ್ಲ. ಬೇಡ ಎಂದವರನ್ನೂ ಒಪ್ಪಿದವರಷ್ಟೇ ಗೌರವದಿಂದ ಕಳಿಸಿಕೊಡಬೇಕು.

ಮಧ್ಯದಲ್ಲೇ ಬಿಟ್ಟುಹೋಗುವವರು, ವಿಳಾಸವಿಲ್ಲದವರು

ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ. ಎರಡನೇ ತಿಂಗಳಿಗೇ ಕೆಮ್ಮು ಜ್ವರ ನಿಂತು ಮೈ ತುಂಬುತ್ತದೆ, ಕೂಲಿಗೆ ಹೋಗುವ ಆಸೆ ಬರುತ್ತದೆ, ಮಾತ್ರೆ ನಿಲ್ಲುತ್ತದೆ. ಟಿಬಿ ರೋಗಿಯ ಪೌಷ್ಟಿಕ ಆಹಾರಕ್ಕೆ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಮೊದಲು ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಅದು ನಿಂತುಹೋದ ರೋಗಿಗೆ ನಿಜವಾದ ಚಿಕಿತ್ಸೆ ಆ ದಿನ ಬ್ಯಾಂಕಿನಲ್ಲಿರುತ್ತದೆ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಕಾಣುವ ಬಗೆಗೆ ಚಿಕಿತ್ಸೆ ಎರಡು ವರ್ಷಕ್ಕೂ ಮೇಲ್ಪಟ್ಟು ನಡೆಯುತ್ತದೆ. ಮನೆಯಲ್ಲಿ ಬಿಟ್ಟು ಬಂದ ಇನ್ನೊಂದು ಮಗು, ಕೈತಪ್ಪಿದ ಕೂಲಿ, ನಗರದಲ್ಲಿ ಉಳಿಯಲು ಜಾಗ, ಈ ಮೂರರಲ್ಲಿ ಒಂದು ಕೈಕೊಟ್ಟರೂ ತಂದೆ ತಾಯಿ ಮಧ್ಯದಲ್ಲೇ ಊರಿಗೆ ಹೊರಡುತ್ತಾರೆ. ಧರ್ಮಶಾಲೆಯಲ್ಲಿ ಜಾಗ, ರೈಲಿನ ಸ್ಲೀಪರ್ ದರ್ಜೆಯಲ್ಲಿ ಕ್ಯಾನ್ಸರ್ ರೋಗಿಗೆ ಇರುವ ಪೂರ್ಣ ರಿಯಾಯಿತಿಯ ಫಾರಂ, ಅಪಾಯಿಂಟ್‌ಮೆಂಟ್ ತಪ್ಪಿಸಿದ ದಿನವೇ ಮನೆಗೊಂದು ಫೋನ್, ಇಂಥ ಸಣ್ಣ ಕೆಲಸಗಳೇ ಮಗುವನ್ನು ಚಿಕಿತ್ಸೆಯಲ್ಲಿ ಉಳಿಸುತ್ತವೆ.

ವಿಳಾಸ ಹೇಳಲಾರದ ರೋಗಿಯ ಊರು ಹುಡುಕುವ ಬಗೆಯಂತೂ ಪತ್ತೇದಾರಿಕೆಯೇ. "ನಿಮ್ಮ ಜಿಲ್ಲೆ ಯಾವುದು?" ಎಂದರೆ ಉತ್ತರವಿಲ್ಲ. "ನಿಮ್ಮೂರ ಹತ್ತಿರ ಸಂತೆ ಯಾವ ವಾರ?" "ಜಾತ್ರೆ ಯಾವ ದೇವರದ್ದು?" "ಹೊಲದಲ್ಲಿ ಏನು ಬೆಳೀತೀರಿ?" "ಪೇಟೆಗೆ ಹೋಗೋ ಬಸ್ಸಿನ ಮೇಲೆ ಏನು ಬರೆದಿರುತ್ತೆ?" ಈ ನಾಲ್ಕು ಪ್ರಶ್ನೆಗೆ ಸಿಕ್ಕ ಚೂರುಪಾರು ಮಾತಿನಿಂದ ಹೋಬಳಿ ಊಹಿಸಿ, ಅಲ್ಲಿನ ಪೊಲೀಸ್ ಠಾಣೆಗೂ ಗ್ರಾಮ ಪಂಚಾಯಿತಿಗೂ ಫೋಟೊ ಕಳಿಸುತ್ತಾರೆ. ಮನೆ ಸಿಕ್ಕ ಮೇಲೆ ಇನ್ನೂ ಕಷ್ಟದ ಕೆಲಸ ಶುರು. ತಿಂಗಳುಗಟ್ಟಲೆ ಕಾಣೆಯಾಗಿದ್ದವರನ್ನು ಮನೆಯವರು ಒಪ್ಪಿಕೊಳ್ಳುವಂತೆ, ಮಾತ್ರೆ ಮುಂದುವರಿಸುವಂತೆ ಮಾಡಬೇಕು.

ಮೆಚ್ಚುಗೆ ಎಂದರೆ ಏನು ಮಾಡಬೇಕು

ಆಸ್ಪತ್ರೆ ನಡೆಸುವವರು ಮಾಡಬಹುದಾದ ದೊಡ್ಡ ಉಪಕಾರ ಎಂದರೆ ಇವರನ್ನು ಬೇಗ ಕರೆಯುವುದು. ಒಬ್ಬರೇ ಬಂದ ರೋಗಿ, ಐಸಿಯು ಸೇರಿದವರು, ಗರ್ಭಿಣಿ ಬಾಲಕಿ, ವಿಷ ಮತ್ತು ಸುಟ್ಟಗಾಯದ ಕೇಸು, ಒಂದೇ ತಿಂಗಳಲ್ಲಿ ಎರಡನೇ ಸಲ ಅಡ್ಮಿಟ್ ಆದವರು, ಇಂಥವರ ವಿಷಯವನ್ನು ಮೊದಲ 24 ಗಂಟೆಯಲ್ಲೇ ಸಮಾಜ ಕಾರ್ಯಕರ್ತರಿಗೆ ತಿಳಿಸುವ ನಿಯಮ ಮಾಡಿದರೆ ಸಾಕು, ಅರ್ಧ ಸಮಸ್ಯೆ ತಗ್ಗುತ್ತದೆ. ಡಿಸ್ಚಾರ್ಜ್ ದಿನ ಮಧ್ಯಾಹ್ನ ಕರೆದು "ಬಿಲ್ ಕಟ್ಟೋಕೆ ಆಗ್ತಿಲ್ವಂತೆ, ನೋಡಿ" ಎಂದರೆ ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಸಣ್ಣ ಕೋಣೆ, ಹೊರಗೆ ಕರೆ ಹೋಗುವ ಫೋನ್, ಕೇಸ್ ಶೀಟಿನಲ್ಲಿ ಬರೆಯುವ ಅಧಿಕಾರ ಕೊಡಬೇಕು. ಬರೆದದ್ದನ್ನು ಡಾಕ್ಟರು ಓದಬೇಕು. "ಮನೆಯಲ್ಲಿ ಫ್ರಿಜ್ ಇಲ್ಲ" ಎಂದು ಅವರು ಬರೆದಿದ್ದರೆ ಇನ್ಸುಲಿನ್ ಇಡುವ ಬಗೆ ಹೇಳದೆ ಕಳಿಸಬಾರದು. ಮಡಕೆಯೊಳಗೆ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬಿ ತಂಪು ಕಾಯುವ ವಿಧಾನ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ.

ದಿನವಿಡೀ ಬೇರೆಯವರ ದುಃಖ ಕೇಳಿ ಸಂಜೆ ಅದನ್ನು ಯಾರ ಮುಂದೆಯೂ ಇಳಿಸಲಾಗದೆ ಈ ವೃತ್ತಿ ಬಿಡುವವರೂ ಇದ್ದಾರೆ. ವಾರಕ್ಕೊಮ್ಮೆ ಹಿರಿಯರೊಬ್ಬರ ಜೊತೆ ಕೇಸುಗಳ ಬಗ್ಗೆ ಮಾತಾಡುವ ಒಂದು ಗಂಟೆ ಅವರ ಕೆಲಸದ ಭಾಗವೇ ಆಗಬೇಕು. ತಿಂಗಳ ಕೊನೆಗೆ ಎಷ್ಟು ಕಾರ್ಡ್ ಮಾಡಿಸಿದಿರಿ ಎಂಬ ಒಂದೇ ಲೆಕ್ಕ ಕೇಳುವುದನ್ನು ಬಿಟ್ಟು, ಎಷ್ಟು ಜನ ಫಾಲೋ ಅಪ್‌ಗೆ ಬಂದರು ಎಂದು ಕೇಳಿದರೆ ಅವರ ನಿಜವಾದ ಕೆಲಸ ಲೆಕ್ಕಕ್ಕೆ ಸಿಗುತ್ತದೆ.

ರೋಗಿಯ ಕಡೆಯವರಿಗೆ ಹೇಳುವುದಿಷ್ಟು. ದೊಡ್ಡ ಆಸ್ಪತ್ರೆಗೆ ಹೋದ ದಿನವೇ "ಇಲ್ಲಿ ಸೋಷಿಯಲ್ ವರ್ಕರ್ ಎಲ್ಲಿ ಕೂರ್ತಾರೆ?" ಎಂದು ನರ್ಸನ್ನು ಕೇಳಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಇದ್ದರೆ ಲೇಬರ್ ಕಾರ್ಡ್, ಹಿಂದಿನ ಚಿಕಿತ್ಸೆಯ ಚೀಟಿಗಳು, ಇವುಗಳ ಮೂರು ಮೂರು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಮೂಲ ಪ್ರತಿ ಯಾರ ಕೈಗೂ ಬಿಟ್ಟು ಬರಬೇಡಿ. ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇದ್ದರೆ ಅದನ್ನು ಮೊದಲೇ ಹೇಳಿ. ಸಾಲ, ಕುಡಿತ, ಮನೆಯ ಜಗಳ ಮುಚ್ಚಿಡಬೇಡಿ, ಅವು ತಿಳಿದರೆ ಆರೈಕೆಯ ಯೋಜನೆ ಬೇರೆಯಾಗುತ್ತದೆ. ಅವರು ಕೊಟ್ಟ ನಂಬರಿಗೆ ಮನೆಗೆ ಹೋದ ಮೇಲೂ ಫೋನ್ ಮಾಡಿ, ರೋಗಿ ಚೆನ್ನಾಗಿದ್ದರೂ ಮಾಡಿ. ಕೆಟ್ಟ ಸುದ್ದಿಯ ಫೋನುಗಳಷ್ಟೇ ಅವರಿಗೆ ಬರುವುದು.

ತಾಲೂಕು ಆಸ್ಪತ್ರೆಯಲ್ಲಿ ಈ ಹುದ್ದೆಯೇ ಇಲ್ಲದಿರಬಹುದು. ಅಲ್ಲಿ ಯೋಜನೆಯ ವಿಷಯಕ್ಕೆ ಆರೋಗ್ಯಮಿತ್ರರನ್ನು, ಮನೆಯ ಆರೈಕೆಗೆ ಆಶಾ ಕಾರ್ಯಕರ್ತೆಯನ್ನು, ಮಾಹಿತಿಗೆ 104 ಸಹಾಯವಾಣಿಯನ್ನು, ಮಕ್ಕಳ ವಿಷಯಕ್ಕೆ 1098 ಮತ್ತು ಹಿರಿಯರ ವಿಷಯಕ್ಕೆ 14567 ನಂಬರನ್ನು ಹಿಡಿಯಿರಿ. ಜಿಲ್ಲಾ ಆಸ್ಪತ್ರೆಗೆ ಅಥವಾ ಮೆಡಿಕಲ್ ಕಾಲೇಜಿಗೆ ರೆಫರ್ ಮಾಡುವಾಗ ಚೀಟಿಯಲ್ಲಿ "ಸಮಾಜ ಕಾರ್ಯಕರ್ತರಿಗೆ ತೋರಿಸಬೇಕು" ಎಂಬ ಒಂದು ಸಾಲು ಸೇರಿಸಲು ಡಾಕ್ಟರನ್ನು ಕೇಳಿಕೊಳ್ಳಿ. ಆ ಸಾಲಿದ್ದರೆ ಅಲ್ಲಿನ ಓಪಿಡಿಯಲ್ಲೇ ನಿಮ್ಮನ್ನು ಅವರ ಕೋಣೆಗೆ ಕಳಿಸುವುದು ಸುಲಭವಾಗುತ್ತದೆ.